ಉಡುಪಿಯಿಂದ ಘಟ್ಟ ಹತ್ತಿ ಇಳಿಯುವ ಒಂದು ದಿನ: ಕಾರು ಪಯಣದ ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಉಡುಪಿ ಬಿಟ್ಟು, ಆಗುಂಬೆ, ಶೃಂಗೇರಿ, ಹೊರನಾಡು, ಕುದುರೆಮುಖ ಎಲ್ಲವನ್ನೂ ನೋಡಿ ರಾತ್ರಿ ಊಟಕ್ಕೆ ಮನೆ ಸೇರುತ್ತೇವೆ ಎಂದು ಹೊರಟವರು ನನಗೆ ಬಹಳ ಮಂದಿ ಗೊತ್ತು. ಅವರೆಲ್ಲ ಹಿಂದಿರುಗಿ ಬಂದು ಹೇಳುವ ಮಾತು ಹೆಚ್ಚು ಕಡಿಮೆ ಒಂದೇ: ದಿನವಿಡೀ ಕಾರಿನಲ್ಲೇ ಕುಳಿತಿದ್ದೆವು, ಮಕ್ಕಳು ವಾಂತಿ ಮಾಡಿದರು, ಇಳಿಯುವಾಗ ಕತ್ತಲೆ, ಮಂಜು, ಜೀವ ಕೈಯಲ್ಲಿ ಹಿಡಿದು ಬಂದೆವು. ರಸ್ತೆಯದೇನೂ ತಪ್ಪಿಲ್ಲ. ಲೆಕ್ಕವನ್ನು ಹೊರಡುವ ಹೊತ್ತಿನಿಂದ ಹಾಕಿದ್ದೇ ತಪ್ಪು. ಘಟ್ಟದ ಪಯಣಕ್ಕೆ ಲೆಕ್ಕ ಹಾಕಬೇಕಾದದ್ದು ಕತ್ತಲಾಗುವ ಹೊತ್ತಿನಿಂದ, ಹಿಂದು ಹಿಂದಕ್ಕೆ.

ಇಲ್ಲಿ ಮಾದರಿಗೆ ಒಂದೇ ಸುತ್ತನ್ನು ಇಟ್ಟುಕೊಂಡಿದ್ದೇನೆ. ಉಡುಪಿ, ಹೆಬ್ರಿ, ಸೋಮೇಶ್ವರ, ಆಗುಂಬೆ, ಶೃಂಗೇರಿ, ಕೆರೆಕಟ್ಟೆ, ಎಸ್.ಕೆ. ಬಾರ್ಡರ್ (ಸೌತ್ ಕೆನರಾ, ಅಂದರೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿ), ಮಾಳ, ಬಜಗೋಳಿ, ಕಾರ್ಕಳ, ಮತ್ತೆ ಉಡುಪಿ. ಒಟ್ಟು ಸುಮಾರು 190 ಕಿಲೋಮೀಟರ್. ಮಂಗಳೂರಿನವರು ಮೂಡುಬಿದಿರೆ ದಾರಿಯಾಗಿ ಕಾರ್ಕಳಕ್ಕೆ ಬಂದು, ಅಲ್ಲಿಂದ ಹೆಬ್ರಿಗೆ ಹೋಗಿ ಇದೇ ಸುತ್ತನ್ನು ಸೇರಿಕೊಳ್ಳಬಹುದು. ಅವರಿಗೆ ಸುಮಾರು 250 ಕಿಲೋಮೀಟರ್ ಆಗುತ್ತದೆ. ಬೇರೆ ಘಾಟಿ ಆರಿಸಿಕೊಂಡರೂ ಹಂತಗಳು ಇವೇ.

## ಹಂತ 1: ಕತ್ತಲಿನಿಂದ ಹಿಂದಕ್ಕೆ ಲೆಕ್ಕ

ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಮೊಬೈಲ್ ಆಮೇಲೆ.

ನಮ್ಮ ಕರಾವಳಿಯಲ್ಲಿ ಡಿಸೆಂಬರ್‌ನಲ್ಲಿ ಸಂಜೆ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ಏಳರ ಹತ್ತಿರ. ಆದರೆ ಘಾಟಿಯ ಕಾಡಿನೊಳಗೆ, ಅದರಲ್ಲೂ ಮೋಡ ಕವಿದ ದಿನ, ಅದಕ್ಕಿಂತ ಒಂದು ಗಂಟೆ ಮೊದಲೇ ಹೆಡ್‌ಲೈಟ್ ಹಾಕಬೇಕಾಗುತ್ತದೆ. ಹಾಗಾಗಿ ಹಾಳೆಯ ಕೆಳತುದಿಯಲ್ಲಿ ಮೊದಲು ಬರೆಯಬೇಕಾದ ಸಾಲು ಇದು: ‘ಬಜಗೋಳಿ, 4:15’. ಅಂದರೆ ಘಟ್ಟವನ್ನು ಪೂರ್ತಿ ಇಳಿದು ಸಮತಟ್ಟಾದ ನೆಲ ಮುಟ್ಟುವ ಹೊತ್ತು. ಉಳಿದ ಸಾಲುಗಳೆಲ್ಲ ಅದರ ಮೇಲೆ ಒಂದೊಂದಾಗಿ ಕೂರುತ್ತವೆ.

ಎಸ್.ಕೆ. ಬಾರ್ಡರ್‌ನಿಂದ ಬಜಗೋಳಿಗೆ ಒಂದು ಗಂಟೆಯ ಮೇಲೆ ಹಿಡಿಯಿರಿ, ಅಲ್ಲಿ 3:00. ಶೃಂಗೇರಿಯಿಂದ ಅಲ್ಲಿಗೆ ಒಂದೂವರೆ ಗಂಟೆ. ಶೃಂಗೇರಿ ಬಿಡುವುದು 1:30. ಅಲ್ಲಿ ದರ್ಶನ, ಊಟ, ತುಂಗೆಯ ದಂಡೆಯಲ್ಲಿ ಮೀನು ನೋಡುವುದು, ಇದಕ್ಕೆಲ್ಲ ಮೂರೂವರೆ ಗಂಟೆ, ತಲುಪುವುದು 10:00. ಆಗುಂಬೆಯಿಂದ ಶೃಂಗೇರಿಗೆ ಒಂದು ಗಂಟೆ. ಆಗುಂಬೆ ಬಿಡುವುದು 9:00. ಅಲ್ಲಿ ತಿಂಡಿಗೆ ಒಂದು ಗಂಟೆ, ತಲುಪುವುದು 8:00. ಹಾಗೇ ಹಿಂದಕ್ಕೆ ಹೋದರೆ ಸೋಮೇಶ್ವರ 7:15, ಹೆಬ್ರಿ 6:40, ಉಡುಪಿ 5:45.

ಈ ಕೊನೆಯ ಸಂಖ್ಯೆ ನೋಡಿದ ತಕ್ಷಣ ಮನೆಯಲ್ಲಿ ‘ಅಷ್ಟು ಬೇಗ ಯಾರು ಏಳುತ್ತಾರೆ’ ಎಂಬ ಮಾತು ಏಳುತ್ತದೆ. ಏಳಲು ಆಗದಿದ್ದರೆ ಶೃಂಗೇರಿಯನ್ನು ಬಿಡಿ. ಆಗುಂಬೆಯಲ್ಲಿ ತಿಂಡಿ ತಿಂದು ಅದೇ ದಾರಿಯಲ್ಲಿ ಇಳಿದು ಬನ್ನಿ. ಜಾಗ ಕಡಿಮೆ ಮಾಡಬಹುದು, ಇಳಿಯುವ ಹೊತ್ತನ್ನು ಮಾತ್ರ ಮುಂದಕ್ಕೆ ತಳ್ಳಬಾರದು.

ಮೊಬೈಲಿನ ನಕ್ಷೆ ತೋರಿಸುವ ಸಮಯ ಘಾಟಿಗೆ ಸರಿಹೊಂದುವುದಿಲ್ಲ. ಅದು ನಿಲ್ಲದೆ ಓಡಿಸುವವನ ಲೆಕ್ಕ. ತಿರುವುಗಳಲ್ಲಿ ಗಂಟೆಗೆ 20ರಿಂದ 25 ಕಿಲೋಮೀಟರ್, ಮಲೆನಾಡಿನ ಒಳರಸ್ತೆಗಳಲ್ಲಿ 30ರಿಂದ 35 ಎಂದು ಹಿಡಿದರೆ ನಿಜಕ್ಕೆ ಹತ್ತಿರ ಬರುತ್ತೀರಿ. ಲೆಕ್ಕ ಬರದವರು ನಕ್ಷೆಯ ಸಮಯಕ್ಕೆ ಅದರ ಅರ್ಧವನ್ನು ಕೂಡಿಸಿಕೊಳ್ಳಲಿ.

ಇನ್ನು ಆಗುಂಬೆಯ ಸೂರ್ಯಾಸ್ತ. ಹೇಳಿದರೆ ಸಿಟ್ಟು ಬರಬಹುದು, ಆದರೂ ಹೇಳುತ್ತೇನೆ: ಒಂದು ದಿನದ ಪಯಣದಲ್ಲಿ ಅದಕ್ಕೆ ಜಾಗವಿಲ್ಲ. ಸೂರ್ಯ ಮುಳುಗಿದ ಮರುಗಳಿಗೆ ಅಲ್ಲಿದ್ದ ಕಾರುಗಳೆಲ್ಲ ಒಟ್ಟಿಗೆ ಕತ್ತಲಲ್ಲಿ ಇಳಿಯಲು ತೊಡಗುತ್ತವೆ. ಸೂರ್ಯಾಸ್ತ ಬೇಕೇ ಬೇಕು ಎನ್ನುವವರು ರಾತ್ರಿ ಮೇಲೆಯೇ ಉಳಿಯಲಿ. ಇಲ್ಲವೇ ಮನೆಗೆ ಬಂದು ಮಲ್ಪೆಗೆ ಹೋಗಲಿ. ಅದೇ ಸೂರ್ಯ ತಾನೇ.

## ಹಂತ 2: ಹತ್ತಲು ಒಂದು ಘಾಟಿ, ಇಳಿಯಲು ಇನ್ನೊಂದು

ಹೋದ ದಾರಿಯಲ್ಲೇ ಬಂದರೆ ಅರ್ಧ ಸುಖ ಹೋಯಿತು. ಆದರೆ ಯಾವುದನ್ನು ಹತ್ತಬೇಕು, ಯಾವುದನ್ನು ಇಳಿಯಬೇಕು ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಬೇಕು.

ಕಡಿದಾದದ್ದನ್ನು ಹತ್ತಿ, ಸಾವಧಾನದ್ದನ್ನು ಇಳಿಯಿರಿ. ಆಗುಂಬೆಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳು ಕೆಲವೇ ಕಿಲೋಮೀಟರ್‌ಗಳಲ್ಲಿ ಒಂದರ ಮೇಲೊಂದು ಬರುತ್ತವೆ. ಹತ್ತುವಾಗ ಅದು ಎಂಜಿನ್‌ನ ಕೆಲಸ, ಇಳಿಯುವಾಗ ಬ್ರೇಕಿನ ಕೆಲಸ. ದಿನದ ಕೊನೆಗೆ ಚಾಲಕನೂ ದಣಿದಿರುತ್ತಾನೆ, ಬ್ರೇಕೂ ಬಿಸಿಯಾಗಿರುತ್ತದೆ. ಮಾಳದ ಕಡೆಯ ಇಳಿಜಾರು ಉದ್ದ, ತಿರುವುಗಳು ಅಷ್ಟು ಬಿಗಿಯಲ್ಲ. ಅದಕ್ಕೇ ಈ ಸುತ್ತನ್ನು ಆಗುಂಬೆಯಿಂದ ಆರಂಭಿಸಿದ್ದೇನೆ.

ಉಳಿದವುಗಳ ಬಗ್ಗೆ ಚುಟುಕಾಗಿ. ಶಿರಾಡಿ ಹಗಲು ರಾತ್ರಿ ಲಾರಿಗಳ ದಾರಿ, ನೋಟಕ್ಕೆಂದು ಹೋಗುವ ರಸ್ತೆಯಲ್ಲ. ಚಾರ್ಮಾಡಿಯ ನೋಟಕ್ಕೆ ಎಣೆಯಿಲ್ಲ, ಆದರೆ ಮಳೆಗಾಲದ ವಾರಾಂತ್ಯದಲ್ಲಿ ಜಲಪಾತದ ಎದುರು ಜಾತ್ರೆ. ವಾರದ ನಡುವೆ ಹೋಗಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಬರಬೇಡಿ. ಸಿದ್ದಾಪುರ, ಹೊಸಂಗಡಿ, ಹುಲಿಕಲ್ ದಾರಿಯ ಬಾಳೆಬರೆ ಘಾಟಿ ಸಂದಣಿ ಕಡಿಮೆ ಇರುವ ದಾರಿ, ಆದರೆ ಏರು ಕಡಿದು. ಕೊಲ್ಲೂರಿನಿಂದ ನಾಗೋಡಿಯಾಗಿ ನಿಟ್ಟೂರಿಗೆ ಹೋಗುವ ದಾರಿಯೂ ಕಾಡಿನ ನಡುವಿನದು. ಬಾಳೆಬರೆ ಹತ್ತಿ ಕೊಲ್ಲೂರಿಗೆ ಇಳಿದರೆ ಕುಂದಾಪುರದವರಿಗೆ ಒಳ್ಳೆಯ ಸುತ್ತು.

ಹೊರಡುವ ಹಿಂದಿನ ಸಂಜೆ ಘಾಟಿ ತೆರೆದಿದೆಯೇ ಎಂದು ವಿಚಾರಿಸುವುದು ಕಡ್ಡಾಯ. ಗುಡ್ಡ ಕುಸಿದಾಗ, ದುರಸ್ತಿ ನಡೆಯುವಾಗ ಜಿಲ್ಲಾಧಿಕಾರಿಗಳ ಆದೇಶದಂತೆ ಸಂಚಾರ ನಿಲ್ಲಿಸುತ್ತಾರೆ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077. ಇದಕ್ಕಿಂತ ಬೇಗ ನಿಜ ತಿಳಿಯಬೇಕಿದ್ದರೆ ಆ ದಾರಿಯಲ್ಲಿ ದಿನವೂ ಓಡಾಡುವ ಬಸ್ಸಿನ ನಿರ್ವಾಹಕರನ್ನು ನಿಲ್ದಾಣದಲ್ಲಿ ಕೇಳಿ. ಯಾವ ತಿರುವಿನಲ್ಲಿ ಹೊಂಡ ಬಿದ್ದಿದೆ ಎಂಬುದೂ ಅವರಿಗೆ ಬಾಯಿಪಾಠ.

## ಹಂತ 3: ಕಾರಿನ ತಯಾರಿ, ಹಿಂದಿನ ದಿನ

ಟೈರು ಮೊದಲು. ಟೈರಿನ ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಸವೆದ ಮೇಲ್ಮೈ ಆ ಉಬ್ಬಿಗೆ ಸಮನಾಗಿದ್ದರೆ ಗೆರೆಯ ಆಳ 1.6 ಮಿಲಿಮೀಟರ್‌ಗೆ ಇಳಿದಿದೆ, ಟೈರಿನ ಆಯಸ್ಸು ಮುಗಿದಿದೆ ಎಂದರ್ಥ. ಮಳೆಗಾಲದ ಘಾಟಿಗೆ ನಾನು ಮೂರು ಮಿಲಿಮೀಟರ್‌ಗಿಂತ ಕಡಿಮೆ ಇರುವ ಟೈರನ್ನು ನಂಬುವುದಿಲ್ಲ. ಗಾಳಿಯನ್ನು ಟೈರು ತಣ್ಣಗಿರುವಾಗ ನೋಡಿಸಿ. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಇರುತ್ತದೆ. ನಾಲ್ಕು ಟೈರಿಗೆ ಗಾಳಿ ಹಾಕಿಸಿ ಸ್ಟೆಪ್ನಿಯನ್ನು ಮರೆಯುವವರೇ ಹೆಚ್ಚು. ಅದು ಬೇಕಾಗುವ ದಿನ ಅದರಲ್ಲೂ ಗಾಳಿ ಇರುವುದಿಲ್ಲ. ಜಾಕ್ ಮತ್ತು ಪಾನ ಡಿಕ್ಕಿಯಲ್ಲಿ ಇವೆಯೇ ಎಂದು ಕಣ್ಣಾರೆ ನೋಡಿ.

ಆಮೇಲೆ ಬ್ರೇಕ್. ಪೆಡಲ್ ಒತ್ತಿದಾಗ ಮೇಲ್ಭಾಗದಲ್ಲೇ ಗಟ್ಟಿಯಾಗಿ ಹಿಡಿಯಬೇಕು. ಕೀರಲು ಸದ್ದಿದ್ದರೆ, ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ದಾಟಿದ್ದರೆ, ಗ್ಯಾರೇಜಿಗೆ ತೋರಿಸದೆ ಘಟ್ಟ ಹತ್ತಬೇಡಿ. ಹಳೆಯ ಆಯಿಲ್ ತೇವ ಹೀರಿಕೊಂಡಿರುತ್ತದೆ. ಬಿಸಿಯಾದಾಗ ಬೇಗ ಕುದಿದು ಪೆಡಲ್ ಮೆತ್ತಗಾಗುತ್ತದೆ.

ವೈಪರ್, ಹಾರ್ನ್, ಹಿಂಬದಿಯ ದೀಪ, ರೇಡಿಯೇಟರ್ ನೀರು: ಐದು ನಿಮಿಷದ ಕೆಲಸ. ಪೆಟ್ರೋಲನ್ನು ಉಡುಪಿ ಅಥವಾ ಹೆಬ್ರಿಯಲ್ಲೇ ತುಂಬಿಸಿ. ‘ಮುಂದೆ ಎಲ್ಲಾದರೂ ಬಂಕ್ ಸಿಗುತ್ತದೆ’ ಎಂಬ ಮಾತಿಗೆ ಕಾಡಿನ ದಾರಿಯಲ್ಲಿ ಬೆಲೆಯಿಲ್ಲ.

## ಹಂತ 4: ಚೀಲದಲ್ಲಿ ಏನಿರಬೇಕು

ನಕ್ಷೆಯನ್ನು ಮನೆಯಲ್ಲೇ ಮೊಬೈಲಿಗೆ ಇಳಿಸಿಟ್ಟುಕೊಳ್ಳಿ, ಘಾಟಿಯಲ್ಲಿ ನೆಟ್‌ವರ್ಕ್ ಬಂದು ಹೋಗುತ್ತದೆ. ಜತೆಗೆ ಟಾರ್ಚ್, ಕೊಡೆ, ಕುಡಿಯುವ ನೀರು, ಒಂದಿಷ್ಟು ಚಿಲ್ಲರೆ ನೋಟು, ಹಳೆಯ ಟವಲ್ ಎರಡು. ಮಳೆಗಾಲವಾದರೆ ಉಪ್ಪಿನ ಪೊಟ್ಟಣ ಮರೆಯಬಾರದು. ಕಾರಿನಿಂದಿಳಿದು ಹುಲ್ಲಿನ ಮೇಲೆ ಹತ್ತು ಹೆಜ್ಜೆ ಇಟ್ಟರೂ ಉಂಬಳ (ಜಿಗಣೆ) ಕಾಲಿಗೆ ಹತ್ತುತ್ತದೆ. ಚಿಟಿಕೆ ಉಪ್ಪು ಹಾಕಿದರೆ ತಾನೇ ಬಿಡುತ್ತದೆ. ಮಡಚಿದ ಕಾಗದದ ಚೀಲಗಳು ನಾಲ್ಕೈದು ಇರಲಿ, ಕಸಕ್ಕೂ ಆಗುತ್ತದೆ, ವಾಂತಿಗೂ ಆಗುತ್ತದೆ.

ವಾಂತಿಯ ಮಾತು ಬಂದದ್ದರಿಂದ: ಹೊರಡುವ ಮೊದಲು ಗೋಳಿಬಜೆ, ಬನ್ಸ್ ಕೊಡಬೇಡಿ. ಎಣ್ಣೆಯ ತಿಂಡಿ ಆರನೆಯ ತಿರುವಿನಲ್ಲಿ ಲೆಕ್ಕ ಕೇಳುತ್ತದೆ. ಒಂದೆರಡು ಇಡ್ಲಿ ಸಾಕು. ತಲೆ ತಿರುಗುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮೊಬೈಲ್ ಕಿತ್ತುಕೊಂಡು, ದೂರದ ರಸ್ತೆ ನೋಡಲು ಹೇಳಿ. ಮಾತ್ರೆ ಬೇಕಾದವರು ವೈದ್ಯರನ್ನು ಕೇಳಿ ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಸೋಮೇಶ್ವರದಲ್ಲಿ ನುಂಗಿದ ಮಾತ್ರೆ ಕೆಲಸ ಆರಂಭಿಸುವ ಹೊತ್ತಿಗೆ ನೀವು ಆಗುಂಬೆಯಲ್ಲಿರುತ್ತೀರಿ.

## ಹಂತ 5: ಹತ್ತುವುದು

ಸೋಮೇಶ್ವರ ದಾಟಿದ ಮೇಲೆ ಎಸಿ ನಿಲ್ಲಿಸಿ, ಕಿಟಕಿ ಇಳಿಸಿ. ಎಂಜಿನ್‌ಗೂ ಹಗುರ, ಎದುರಿನ ಹಾರ್ನ್ ನಿಮಗೂ ಕೇಳಿಸುತ್ತದೆ. ಹಸಿ ಎಲೆಯ ವಾಸನೆ ಬಿಟ್ಟಿ.

ತಿರುವಿನ ಮೊದಲೇ ಗೇರ್ ಇಳಿಸಬೇಕು, ತಿರುವಿನ ಒಳಗಲ್ಲ. ಹೊಸಬರು ಮೂರನೆಯ ಗೇರಿನಲ್ಲೇ ನುಗ್ಗಿ, ಅರ್ಧ ತಿರುಗಿದಾಗ ಎಂಜಿನ್ ಕೊಸರಾಡಿ, ಗಾಬರಿಯಿಂದ ಕ್ಲಚ್ ಒತ್ತುತ್ತಾರೆ. ಕಾರು ಹಿಂದಕ್ಕೆ ಜಾರುವುದು ಆಗಲೇ.

ಹೇರ್‌ಪಿನ್ ತಿರುವನ್ನು ಹೇಗೆ ನೋಡಬೇಕು ಎಂಬುದು ಒಂದು ಕಲೆ. ತಿರುವಿಗೆ ಎರಡು ಕಾರಿನಷ್ಟು ದೂರ ಇರುವಾಗಲೇ ಕತ್ತೆತ್ತಿ, ಮರಗಳ ಸಂದಿನಲ್ಲಿ ಮೇಲಿನ ರಸ್ತೆಯನ್ನು ನೋಡಿ. ನೀವು ಇನ್ನರ್ಧ ನಿಮಿಷದಲ್ಲಿ ಹೋಗಬೇಕಾದ ರಸ್ತೆ ಅದು. ಆ ಕಡೆಯಿಂದ ಬಸ್ಸು ಇಳಿಯುತ್ತಿದ್ದರೆ ಈಗಲೇ ಕಾಣುತ್ತದೆ. ಕಂಡಿತೋ, ಇದ್ದಲ್ಲೇ ಎಡಕ್ಕೆ ಒತ್ತಿ ನಿಲ್ಲಿ. ಮಿನಿ ಬಸ್ಸಿಗೂ ಆ ತಿರುವಿಗೆ ಪೂರ್ತಿ ರಸ್ತೆ ಬೇಕು. ಅದರ ಮೂತಿ ಮೊದಲು ನೇರವಾಗಿ ತಡೆಗೋಡೆಯ ಕಡೆಗೆ ಬರುತ್ತದೆ, ನಿಮ್ಮನ್ನು ಗುದ್ದಿಯೇ ಬಿಟ್ಟಿತು ಅನ್ನಿಸುತ್ತದೆ, ಆಮೇಲೆ ಚಾಲಕ ಎರಡೂ ಕೈಯಲ್ಲಿ ಸ್ಟೇರಿಂಗ್ ಎಳೆದಂತೆ ಹಿಂಭಾಗ ನಿಧಾನವಾಗಿ ಹಿಂಬಾಲಿಸುತ್ತದೆ. ಅವನಿಗೆ ಜಾಗ ಬಿಟ್ಟಿದ್ದರೆ ಕೈ ಎತ್ತಿ ಹೋಗುತ್ತಾನೆ. ತಿರುವಿನೊಳಗೆ ನುಗ್ಗಿದ್ದರೆ ನಿಮ್ಮ ಹಿಂದಿನ ಐದು ಕಾರುಗಳೂ ಹಿಮ್ಮುಖ ಹೋಗಬೇಕು.

ಇಕ್ಕಟ್ಟಿನ ಕಡಿದಾದ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಮೊದಲ ಹಕ್ಕು. ಇಳಿಯುವವರು ನಿಂತು ದಾರಿ ಕೊಡಬೇಕು. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೂ ಇದು ಇದೆ. ಆದರೆ ಎದುರಿನವನಿಗೆ ಗೊತ್ತಿಲ್ಲದಿದ್ದರೆ ನಿಯಮದ ಪುಸ್ತಕ ತೋರಿಸಿ ಜಗಳವಾಡುವ ಜಾಗ ಅದಲ್ಲ.

ಏರಿನಲ್ಲಿ ಎಂಜಿನ್ ನಿಂತುಹೋದರೆ ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರ್ ಹಾಕಿ, ಕ್ಲಚ್ ಹಿಡಿತ ಬಂದ ಮೇಲೆಯೇ ಹ್ಯಾಂಡ್‌ಬ್ರೇಕ್ ಬಿಡಿ. ಧೈರ್ಯ ಸಾಲದಿದ್ದರೆ ಜತೆಯವರು ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಲಿ. ಕಾರು ಹೊರಟ ಮೇಲೆ ಆ ಕಲ್ಲನ್ನು ಬದಿಗೆ ಸರಿಸಲೇಬೇಕು. ತಿರುವಿನ ನಡುವೆ ಯಾರೋ ಬಿಟ್ಟುಹೋದ ಕಲ್ಲಿಗೆ ಬಿದ್ದ ಬೈಕುಗಳನ್ನು ಕಂಡಿದ್ದೇನೆ.

ತಾಪದ ಮುಳ್ಳು ಮೇಲೇರಿದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಕಾಯಿರಿ. ಬಿಸಿ ರೇಡಿಯೇಟರ್‌ನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಬರುತ್ತದೆ.

## ಹಂತ 6: ಮೇಲಿನ ದಾರಿ ಮತ್ತು ನಿಲ್ಲುವ ಜಾಗಗಳು

ಆಗುಂಬೆಯಿಂದ ಶೃಂಗೇರಿಯವರೆಗಿನ ಸುಮಾರು 27 ಕಿಲೋಮೀಟರ್ ಈ ಪಯಣದ ತಿರುಳು. ಅಡಿಕೆ ತೋಟ, ಗದ್ದೆಬಯಲು, ಹೆಂಚಿನ ಮನೆ, ಮತ್ತೆ ಕಾಡು. ಇಲ್ಲಿ ಅವಸರ ಮಾಡಿದವರಿಗೆ ಮುಂದೆ ಎಲ್ಲೂ ಇಂಥದ್ದು ಸಿಗುವುದಿಲ್ಲ. ಮೇಲೆ ಬಂದವರು ಕೂಡಲೇ ವೇಗ ಹೆಚ್ಚಿಸುತ್ತಾರೆ, ಅದೇ ತಪ್ಪು. ರಸ್ತೆ ಕಿರಿದು, ತಿರುವಿನಾಚೆ ದನ ಮಲಗಿರುತ್ತದೆ, ಶಾಲೆಯ ಮಕ್ಕಳು ನಡೆದು ಬರುತ್ತಿರುತ್ತಾರೆ.

ನಿಲ್ಲಿಸುವ ಜಾಗಕ್ಕೆ ಮೂರು ಲಕ್ಷಣ ಬೇಕು: ಎರಡೂ ಕಡೆಯಿಂದ ಬರುವವರಿಗೆ ನೂರು ಹೆಜ್ಜೆ ದೂರದಿಂದ ಕಾಣಬೇಕು, ನಾಲ್ಕೂ ಚಕ್ರ ಡಾಂಬರಿನಿಂದ ಹೊರಗಿರಬೇಕು, ಬದಿಯ ಮಣ್ಣು ಗಟ್ಟಿಯಿರಬೇಕು. ಮಳೆ ಬಂದ ಮರುದಿನ ಹಸಿರಾಗಿ ಕಾಣುವ ಬದಿಯ ಹುಲ್ಲಿನ ಕೆಳಗೆ ಚರಂಡಿ ಇರುತ್ತದೆ. ಮೊದಲು ಯಾರಾದರೂ ಇಳಿದು ಕಾಲಿನಿಂದ ಒತ್ತಿ ನೋಡಲಿ.

ಮಂಗಗಳಿಗೆ ಏನನ್ನೂ ಎಸೆಯಬೇಡಿ. ಆಹಾರದ ಆಸೆಗೆ ಅವು ರಸ್ತೆಗೆ ಇಳಿಯುತ್ತವೆ, ವಾಹನದಡಿ ಸಾಯುತ್ತವೆ. ಆಗುಂಬೆ, ಸೋಮೇಶ್ವರದ ಕಾಡಿನ ಸಿಂಗಳೀಕಗಳೂ ಹೀಗೆ ರಸ್ತೆಗೆ ಬರಬೇಕೆಂದು ಯಾರೂ ಬಯಸಲಾರರು.

ಒಂದು ಎಚ್ಚರಿಕೆ: ಶೃಂಗೇರಿಯಲ್ಲಿ ಯಾರಾದರೂ ‘ಕಿಗ್ಗ ಹತ್ತಿರವೇ, ಸಿರಿಮನೆ ಜಲಪಾತ ನೋಡಿಕೊಂಡು ಹೋಗೋಣ’ ಎನ್ನುತ್ತಾರೆ. ಹತ್ತಿರವೇ, ನಿಜ. ಆದರೆ ಹೋಗಿ ಬಂದು ನೋಡುವುದಕ್ಕೆ ಎರಡು ಗಂಟೆ ಬೇಕು, ನಿಮ್ಮ ಹಾಳೆಯಲ್ಲಿ ಆ ಎರಡು ಗಂಟೆ ಇಲ್ಲ. ಅದಕ್ಕೆ ಬೇರೆ ದಿನ ಬನ್ನಿ. ಶಾರದಾಂಬೆಯ ಗುಡಿ ಮಧ್ಯಾಹ್ನ ಬಾಗಿಲು ಹಾಕುವುದರಿಂದ ದರ್ಶನ ಮೊದಲು, ಪ್ರಸಾದದ ಊಟ ಆಮೇಲೆ.

## ಹಂತ 7: ಉದ್ಯಾನದ ಗೇಟು ಮತ್ತು ಇಳಿಯುವುದು

ಶೃಂಗೇರಿಯಿಂದ ಮುಂದೆ ತನಿಕೋಡಿನಲ್ಲಿ ಅರಣ್ಯ ಇಲಾಖೆಯ ಗೇಟು ಇದೆ, ಅಲ್ಲಿಂದಾಚೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿ ಹೇಳಿದ ಹೊತ್ತಿನ, ಪ್ಲಾಸ್ಟಿಕ್‌ನ ಮತ್ತು ನಿಲುಗಡೆಯ ಕಟ್ಟುಪಾಡುಗಳನ್ನು ಪಾಲಿಸಿ. ಕತ್ತಲಾದ ಮೇಲೆ ಗೇಟಿಗೆ ಬಂದು ಬಿಡಿ ಎಂದು ಅಂಗಲಾಚುವ ಸ್ಥಿತಿ ತಂದುಕೊಳ್ಳಬೇಡಿ. ಒಳಗೆ ಹಾರ್ನ್ ಮಿತವಾಗಿರಲಿ, ಹಾಡು ಬೇಡ. ಕಾಟಿ (ಕಾಡುಕೋಣ) ರಸ್ತೆಗೆ ಬಂದರೆ ದೂರದಲ್ಲೇ ನಿಂತು, ಎಂಜಿನ್ ಚಾಲೂ ಇಟ್ಟು, ಕಾರಿನೊಳಗೇ ಕುಳಿತಿರಿ. ಒಂದು ದಾಟಿದ ಮೇಲೆ ಇನ್ನೊಂದು ಬರುವುದುಂಟು. ಎಸ್.ಕೆ. ಬಾರ್ಡರ್‌ನಲ್ಲಿ ದಾರಿ ಕವಲೊಡೆಯುತ್ತದೆ: ಒಂದು ಕುದುರೆಮುಖ, ಕಳಸಕ್ಕೆ, ಇನ್ನೊಂದು ಮಾಳಕ್ಕೆ. ಮೂರು ಗಂಟೆ ದಾಟಿದ್ದರೆ ಕುದುರೆಮುಖದ ಕಡೆಗೆ ತಿರುಗಿಯೂ ನೋಡಬೇಡಿ.

ಇಳಿಯುವ ಸೂತ್ರ ಹಳೆಯದು: ಹತ್ತಲು ಯಾವ ಗೇರ್ ಬೇಕಾಗುತ್ತದೋ ಇಳಿಯಲೂ ಅದೇ ಗೇರ್. ಎಂಜಿನ್ ಗುಂಯ್ ಎಂದು ಸದ್ದು ಮಾಡುತ್ತದೆ, ಮಾಡಲಿ. ಕಾರನ್ನು ಹಿಡಿದಿಡುತ್ತಿರುವುದು ಅದೇ. ಆಟೊಮ್ಯಾಟಿಕ್ ಕಾರಿನವರು ಕೆಳಗಿನ ಗೇರಿನ ಸ್ಥಾನ ಎಲ್ಲಿದೆ ಎಂದು ಮನೆಯಲ್ಲೇ ಕಲಿತು ಬರಬೇಕು. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಬುದ್ಧಿವಂತರಿಗೆ ಒಂದೇ ಮಾತು: ಎಂಜಿನ್‌ನ ಹಿಡಿತ ಹೋದರೆ ಪೂರ್ತಿ ಭಾರ ಬ್ರೇಕಿನ ಮೇಲೆ. ಎಂಜಿನ್ ನಿಂತರಂತೂ ಬ್ರೇಕೂ ಸ್ಟೇರಿಂಗೂ ಕಲ್ಲಿನಂತಾಗುತ್ತವೆ.

ಬ್ರೇಕನ್ನು ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಮತ್ತೆ ಒತ್ತಿ. ಕಾಲನ್ನು ಪೆಡಲ್ ಮೇಲೆ ಇಟ್ಟೇ ಇಳಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ನಾನೂ ಒಮ್ಮೆ ಹಾಗೆಯೇ ಇಳಿದಿದ್ದೆ. ಸುಟ್ಟ ರಬ್ಬರಿನಂಥ ಘಾಟು ಮೂಗಿಗೆ ಬಂದಾಗ ‘ಮುಂದಿನ ಬಸ್ಸಿನದ್ದು’ ಎಂದು ಭಾವನಿಗೆ ಹೇಳಿದೆ. ಬಸ್ಸು ಮುಂದೆ ಹೋಗಿ ಮರೆಯಾದ ಮೇಲೂ ವಾಸನೆ ನಮ್ಮ ಜತೆಯಲ್ಲೇ ಇತ್ತು. ‘ಬಸ್ಸು ಹೋಯಿತಲ್ಲ ಭಾವ, ವಾಸನೆ ಯಾಕೆ ಹೋಗಲಿಲ್ಲ?’ ಎಂದು ಅವನು ಕೇಳಿದಾಗಲೇ ನಾನು ನಿಲ್ಲಿಸಿದ್ದು. ಮುಂದಿನ ಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

ಹಾಗಾಗಿ ಈ ಲಕ್ಷಣಗಳನ್ನು ನೆನಪಿಡಿ: ಘಾಟು ವಾಸನೆ, ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗುವುದು, ಒತ್ತಿದರೂ ವೇಗ ಇಳಿಯದಿರುವುದು. ಒಂದು ಕಂಡರೂ ಗೇರ್ ಇನ್ನೂ ಇಳಿಸಿ, ಮೊದಲ ಅಗಲ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲೇ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಅರ್ಧ ಗಂಟೆ ತಣಿಯಲಿ. ಬಿಸಿ ಡಿಸ್ಕಿಗೆ ನೀರು ಎರಚಿದರೆ ಅದು ಸೊಟ್ಟಗಾಗಬಹುದು, ಬೇಡ.

## ಹಂತ 8: ಮಂಜು, ಮಳೆ ಮತ್ತು ಹಿಂದಿರುಗಬೇಕಾದ ಸೂಚನೆಗಳು

ಸುಖವಾಗಿ ಹೋಗಲು ಸೆಪ್ಟೆಂಬರ್ ಕೊನೆಯಿಂದ ಜನವರಿಯವರೆಗೆ ಒಳ್ಳೆಯ ಕಾಲ: ಹಸಿರು ಇರುತ್ತದೆ, ರಸ್ತೆ ಒಣಗಿರುತ್ತದೆ. ಜುಲೈಯ ಜಲಪಾತ ನೋಡಲೇಬೇಕು ಎನ್ನುವವರು ಹವಾಮಾನ ಇಲಾಖೆ ಕೆಂಪು ಅಥವಾ ಕಿತ್ತಳೆ ಎಚ್ಚರಿಕೆ ಕೊಟ್ಟ ದಿನ ಮನೆಯಲ್ಲೇ ಇರಲಿ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ.

ಮಂಜು ಕವಿದರೆ ಹೆಡ್‌ಲೈಟನ್ನು ಕೆಳಗಿನ ಬೆಳಕಿಗೆ ಇಳಿಸಿ. ಮೇಲಿನ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಹಗಲು ತಾನಾಗಿ ಹೊತ್ತುವ ಸಣ್ಣ ದೀಪವನ್ನು ನಂಬಬೇಡಿ, ಅನೇಕ ಕಾರುಗಳಲ್ಲಿ ಆಗ ಹಿಂಬದಿಯ ದೀಪ ಉರಿಯುವುದಿಲ್ಲ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುತ್ತಾ ಓಡಿಸಿದರೆ ನೀವು ನಿಂತಿದ್ದೀರೋ, ತಿರುಗುತ್ತೀರೋ ಹಿಂದಿನವನಿಗೆ ತಿಳಿಯದು. ಅದು ನಿಂತ ವಾಹನಕ್ಕೆ ಮಾತ್ರ. ಗಾಜಿನ ಒಳಗೆ ಹಬೆ ಕಟ್ಟಿದರೆ ಎಸಿ ಹಾಕಿ ಗಾಳಿಯನ್ನು ಗಾಜಿಗೆ ತಿರುಗಿಸಿ. ಕೈಯಿಂದ ಒರೆಸಿದರೆ ಮತ್ತಷ್ಟು ಮಸುಕು.

ಗುಡ್ಡ ಕುಸಿಯುವ ಮೊದಲು ಸೂಚನೆ ಕೊಡುವುದುಂಟು. ಬದಿಯಲ್ಲಿ ತಿಳಿಯಾಗಿ ಹರಿಯುತ್ತಿದ್ದ ನೀರು ಇದ್ದಕ್ಕಿದ್ದಂತೆ ಕೆಂಪು ಕೆಸರಾಗುವುದು, ರಸ್ತೆಯ ಮೇಲೆ ಹೊಸದಾಗಿ ಬಿದ್ದ ಸಣ್ಣ ಕಲ್ಲುಗಳು, ರಸ್ತೆಯ ಕಡೆಗೆ ವಾಲಿದ ಮರ, ಡಾಂಬರಿನ ಅಂಚಿಗೆ ಉದ್ದಕ್ಕೆ ಬಿಟ್ಟ ಬಿರುಕು. ಇಂಥದ್ದು ಕಂಡರೆ ಫೋಟೊಕ್ಕೆ ನಿಲ್ಲಬೇಡಿ, ಗುಡ್ಡದ ಬುಡದಲ್ಲಂತೂ ಕಾರು ನಿಲ್ಲಿಸಲೇಬೇಡಿ. ಸುರಕ್ಷಿತವಾಗಿ ತಿರುಗಿಸಲು ಆಗುವ ಜಾಗದಲ್ಲಿ ತಿರುಗಿಸಿ ಹಿಂದಿರುಗಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108. ನೆಟ್‌ವರ್ಕ್ ಇಲ್ಲದಿದ್ದರೆ ಎದುರಾಗುವ ಬಸ್ಸಿನವರಿಗೆ ಹೇಳಿ ಕಳಿಸಿ, ಸುದ್ದಿ ಪಕ್ಕದ ಊರಿಗೆ ಬೇಗ ಮುಟ್ಟುತ್ತದೆ.

## ಹಂತ 9: ಇಳಿದ ಮೇಲೆ

ಬಜಗೋಳಿಯಲ್ಲಿ ನಿಲ್ಲಿಸಿ ಚಹಾ ಕುಡಿಯಿರಿ. ಇಲ್ಲಿಂದ ಉಡುಪಿಯವರೆಗೆ ಇಳಿಬಿಸಿಲು ನೇರ ಕಣ್ಣಿಗೆ ಬೀಳುತ್ತದೆ. ಮುಂದಿನ ಗಾಜಿನ ಒಳಬದಿಯನ್ನು ಆ ಹಳೆಯ ಟವಲಿನಿಂದ ಒರೆಸಿಕೊಂಡರೆ ಎದುರಿನ ರಸ್ತೆ ಕಾಣುತ್ತದೆ. ಘಾಟಿ ದಾಟಿದ ಧೈರ್ಯದಲ್ಲಿ ಕಾರ್ಕಳದ ನೇರ ರಸ್ತೆಯಲ್ಲಿ ಕಾಲು ಒತ್ತುವವರುಂಟು, ಕಣ್ಣು ಎಳೆಯುವುದೂ ಅಲ್ಲೇ.

ಚಹಾ ಬರುವುದರೊಳಗೆ ಹಾಳೆ ತೆಗೆದು, ಬರೆದ ಹೊತ್ತಿನ ಪಕ್ಕದಲ್ಲಿ ನಿಜವಾಗಿ ತಲುಪಿದ ಹೊತ್ತನ್ನು ಗುರುತು ಹಾಕಿ. ನನ್ನ ಮೊದಲ ಹಾಳೆಯಲ್ಲಿ ಶೃಂಗೇರಿ ಬಿಡುವ ಸಾಲಿನ ಎದುರು 1:30 ಎಂದು ಅಚ್ಚುಕಟ್ಟಾಗಿ ಬರೆದಿತ್ತು, ಪಕ್ಕದಲ್ಲಿ 2:50. ನಡುವಿನ ಒಂದು ಗಂಟೆ ಇಪ್ಪತ್ತು ನಿಮಿಷ ಚಿಕ್ಕಮ್ಮನ ಚಪ್ಪಲಿ ಹುಡುಕುವುದಕ್ಕೆ ಹೋಗಿತ್ತು. ಈಗ ಶೃಂಗೇರಿಯಲ್ಲಿ ಎಲ್ಲರ ಚಪ್ಪಲಿಯೂ ಕಾರಿನಲ್ಲೇ ಉಳಿಯುತ್ತದೆ.